ಕೊನೆಯ ಸ್ಕ್ರೂ

“ಈ ಅಂಗಡಿಯವನು ಎಲ್ಲಿ ಹಾಳಾಗಿ ಹೋದ?”

ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದವನನ್ನು ನಾನು ಕೇಳಿದೆ. ಕೌಂಟರಿನ ಆಚೆಯ ಕುರ್ಚಿಯಲ್ಲಿ ಒಂದು ಹಳೇ ಪ್ರಿಂಟರ್ ಬಿಟ್ಟರೆ ಯಾರೂ ಇರಲಿಲ್ಲ.

“ಬರ್ತಾನೆ. ಸ್ವಲ್ಪ ನಿಧಾನ,” ಎಂದ ಅವನು.

“ಸ್ವಲ್ಪಾನಾ? ಬೀದಿಯೋರೆಲ್ಲ ಅವನನ್ನ ನಿಧಾನಪ್ಪ ಅಂತಲೇ ಕರೀತಾರೆ. ಲ್ಯಾಪ್‌ಟಾಪ್ ಕ್ಲೀನ್ ಮಾಡೋಕೆ ಕೊಟ್ರೆ ಎಳೇ ಮಗೂಗೆ ಸ್ನಾನ ಮಾಡಿಸೋ ಹಾಗೆ ಮಾಡ್ತಾನಂತೆ.”

“ಹಾಗಂತಾರಾ?” ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಎದ್ದು ಕೌಂಟರಿನ ಹಲಗೆ ಎತ್ತಿ ಆಚೆ ಹೋದ. ಪ್ರಿಂಟರನ್ನು ಕೆಳಗಿಟ್ಟು ಆ ಕುರ್ಚಿಯಲ್ಲಿ ಕೂತ. “ಬಂದ. ಹೇಳಿ, ಏನು ಬೇಕಿತ್ತು?”

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ನಾನು ಬಂದದ್ದು ನಾಚಿಕೊಳ್ಳುವುದಕ್ಕಲ್ಲ, ಲ್ಯಾಪ್‌ಟಾಪ್ ಕೊಳ್ಳುವುದಕ್ಕೆ.

ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನು. ಕಾಗದದ ಮೇಲೆ ಪ್ಯಾಟರ್ನ್ ಬರೆದು, ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಅದನ್ನೇ ಕಂಪ್ಯೂಟರಿನಲ್ಲಿ ಮಾಡಲು ಕಲಿಯಬೇಕೆಂದು ಹಟ ಹಿಡಿದಿದ್ದೆ. ಹೊಸದನ್ನೇ ಕೊಡಿಸ್ತೀನಿ ಎಂದು ಅಣ್ಣ ಹೇಳಿದ. “ಕೊಡಿಸಿದ್ರೂ ಅರ್ಧಕ್ಕೆ ಬಿಡ್ತಾಳೆ, ಸುಮ್ನಿರು,” ಎಂದಳು ಅಕ್ಕ. ಮನೆಯಲ್ಲಿ ನನ್ನ ಹೆಸರೇ ಅರ್ಧಂಬರ್ಧ. ಅರ್ಧ ಹೆಣೆದ ಸ್ವೆಟರು, ಅರ್ಧ ಕಲಿತ ಸ್ಕೂಟರು, ಅರ್ಧ ಕಟ್ಟಿದ ಪುಸ್ತಕದ ಕಪಾಟು, ಎಲ್ಲ ಸೇರಿ ಕೊಟ್ಟ ಬಿರುದು.

ಹಾಗಾಗಿ ಹೊಸದು ಬೇಡವೆಂದು ಹಳೆಯದನ್ನು ಹುಡುಕಿಕೊಂಡು ಬಂದಿದ್ದೆ. ಮೂಲೆಯ ರಟ್ಟಿನ ಡಬ್ಬದಲ್ಲಿ ಒಂದು ಬಿದ್ದಿತ್ತು. ದಪ್ಪ, ಭಾರ, ಅಗಲವಾದ ಪರದೆ. ಒಂದು ಕಡೆಯ ಕೀಲು ಮುರಿದು, ಸೀಳು ಬಿಟ್ಟ ಮುಚ್ಚಳ ಜೋತಾಡುತ್ತಿತ್ತು.

“ಅದು ಬೇಡ,” ಎಂದ ನಿಧಾನಪ್ಪ. “ಬ್ಯಾಟರಿ ಉಬ್ಬಿದೆ, ಆನ್ ಆಗಲ್ಲ. ಬಿಡಿಭಾಗಕ್ಕೆ ಅಂತ ಇಟ್ಕೊಂಡಿದ್ದೀನಿ.”

“ನನಗೆ ಅದೇ ಬೇಕು. ರಿಪೇರಿ ನಾನೇ ಮಾಡ್ತೀನಿ.”

“ಮಾಡಿ ಗೊತ್ತಾ?”

“ಗೊತ್ತಿಲ್ಲ. ನೀವು ಹೇಳ್ಕೊಡಿ. ಆದ್ರೆ ಕೈ ಮಾತ್ರ ಹಾಕ್ಬೇಡಿ.”

ಅವನು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದ. ಸುಟ್ಟ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಮೆಷಿನ್ ಒಳಗೆ ಇಣುಕುವವರ ಹಾಗೆ, ಬಹಳ ಹೊತ್ತು, ಎಲ್ಲ ಮೂಲೆಗಳನ್ನೂ ನೋಡಿದ. ನಾನೂ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವನೇ ಎದ್ದು ಬೆಂಚಿನ ಅರ್ಧ ಜಾಗ ಖಾಲಿ ಮಾಡಿಕೊಟ್ಟ.

ದಿನಾ ಮಧ್ಯಾಹ್ನ ಚಿಕ್ಕಮ್ಮ ಊಟ ಮಾಡಿ ಕಣ್ಣು ಮುಚ್ಚುವ ಹೊತ್ತಿಗೆ ನಾನು ಅವನ ಅಂಗಡಿಯಲ್ಲಿರುತ್ತಿದ್ದೆ. ಮೊದಲ ದಿನವೇ ಕಂದು ಕಾಗದ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಇಟ್ಟು ಅದರ ಸುತ್ತ ಗೆರೆ ಎಳೆದೆ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಕಾಗದದಲ್ಲಿ ಅದು ಇದ್ದ ಜಾಗಕ್ಕೇ ಚುಚ್ಚಿ ನಿಲ್ಲಿಸಿದೆ.

“ಇದೇನಿದು?”

“ಪ್ಯಾಟರ್ನ್. ಬಿಚ್ಚಿದ ಬಟ್ಟೆನ ಮತ್ತೆ ಹೊಲೀಬೇಕು ಅಂದ್ರೆ ಯಾವ ತುಂಡು ಎಲ್ಲಿತ್ತು ಅಂತ ಗುರುತಿರಬೇಕಲ್ವಾ? ನೀವು ಹೇಗೆ ಇಡ್ತೀರಾ?”

“ಬಾಟಲಿ ಮುಚ್ಚಳದಲ್ಲಿ,” ಎಂದ, ಸ್ವಲ್ಪ ಸಂಕೋಚದಿಂದ. “ಕೊನೇಲಿ ಯಾವಾಗ್ಲೂ ಒಂದು ಉಳಿಯುತ್ತೆ.”

ನಾನು ನಕ್ಕುಬಿಟ್ಟೆ. ಅವನ ಕಿವಿ ಕೆಂಪಗಾಯಿತು. ಅದು ಕೆಂಪಗಾಗುತ್ತದೆಂದು ಗೊತ್ತಾದ ಮೇಲೆ ನಾನು ಬೇಕೆಂದೇ ನಗಿಸುವ ಮಾತಾಡತೊಡಗಿದೆ.

ಉಬ್ಬಿದ ಬ್ಯಾಟರಿಯನ್ನು ತೆಗೆಯುವ ದಿನ ಅವನು ನಗಲಿಲ್ಲ. “ಚುಚ್ಚಬಾರದು, ಬಗ್ಗಿಸಬಾರದು. ಬೆಂಕಿ ಹತ್ಕೊಳ್ಳುತ್ತೆ. ನಿಧಾನ… ನಿಧಾನ.” ನಾನು ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಎಬ್ಬಿಸುತ್ತಿದ್ದರೆ ಅವನ ಅಂಗೈ ನನ್ನ ಕೈಯ ಕೆಳಗೆ, ಮುಟ್ಟದೆ, ಕಾದು ನಿಂತಿತ್ತು. ಬ್ಯಾಟರಿ ಸಲೀಸಾಗಿ ಬಂತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಆ ಸಂಜೆ ನಾನು ಚಿಕ್ಕಮ್ಮನ ಅಂಗಡಿಯಲ್ಲಿ ಒಂದೇ ಕುರ್ತಾಗೆ ಎರಡು ಎಡತೋಳು ಕತ್ತರಿಸಿ ಬೈಸಿಕೊಂಡೆ.

ಅವನ ಶರ್ಟಿನ ಜೇಬು ಹರಿದಿತ್ತು. ಸ್ಕ್ರೂ ಡ್ರೈವರ್ ಚುಚ್ಚಿಕೊಂಡು ಓಡಾಡಿದರೆ ಇನ್ನೇನಾಗುತ್ತದೆ? “ಈ ಚೌಕಳಿ ಶರ್ಟ್ ನಾಳೆ ತನ್ನಿ, ಸರಿ ಮಾಡ್ಕೊಡ್ತೀನಿ,” ಎಂದೆ. ಮರುದಿನ ಒಗೆದು, ಇಸ್ತ್ರಿ ಮಾಡಿ, ಮಡಿಸಿ ತಂದುಕೊಟ್ಟ. ಹರಿದ ಶರ್ಟಿಗೆ ಇಸ್ತ್ರಿ ಮಾಡಿ ತರುವ ಗಂಡಸನ್ನು ಇಷ್ಟಪಡದೆ ಇರುವುದು ಹೇಗೆ?

ಆಮೇಲೆ ಚಿಕ್ಕಮ್ಮನಿಗೆ ಶಾಲೆಯ ಸಮವಸ್ತ್ರದ ದೊಡ್ಡ ಕೆಲಸ ಬಂತು. ಒಂದು ವಾರ ತಲೆ ಎತ್ತಲಾಗಲಿಲ್ಲ. ಬೇರೆ ಬ್ಯಾಟರಿ ಹಾಕಿಯಾಗಿತ್ತು. ಉಳಿದದ್ದು ಅವನು ತರಿಸಿದ್ದ ಹೊಸ ಕೀಲು ಕೂರಿಸುವುದು, ಪರದೆಯ ಕೇಬಲ್ ಸೇರಿಸುವುದು, ಮುಚ್ಚುವುದು. ರಾತ್ರಿ ಮಲಗಿದಾಗ ಅದನ್ನೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಕೆಲಸ ಮುಗಿದ ದಿನ ಓಡಿಕೊಂಡು ಹೋದೆ. ಕೌಂಟರಿನ ಮೇಲೆ ನನ್ನ ಲ್ಯಾಪ್‌ಟಾಪ್ ಇತ್ತು. ಮುಚ್ಚಳ ನೆಟ್ಟಗೆ ನಿಂತಿತ್ತು, ಪರದೆ ಬೆಳಗುತ್ತಿತ್ತು. ಪಕ್ಕದಲ್ಲಿ ನನ್ನ ಕಂದು ಕಾಗದ, ಬರೀ ತೂತುಗಳು.

“ಹೇಗಿದೆ?” ಅವನ ಮುಖವೂ ಬೆಳಗುತ್ತಿತ್ತು.

“ಯಾರು ಮಾಡಿದ್ದು?”

“ನಾನೇ. ನಿಮಗೆ ಕೆಲಸ ಜಾಸ್ತಿ ಅಂತ…”

ಲ್ಯಾಪ್‌ಟಾಪನ್ನು ಆಫ್ ಮಾಡಿ, ಬೋರಲು ಹಾಕಿ, ಸ್ಕ್ರೂ ಡ್ರೈವರ್ ತಗೊಂಡು ಮೊದಲ ಸ್ಕ್ರೂ ಬಿಚ್ಚಿದೆ.

“ಅಯ್ಯೋ, ಏನ್ಮಾಡ್ತಿದ್ದೀರಾ? ಸರಿಯಾಗಿದೆ ಅದು!”

“ಸರಿಯಾಗಿದೆ. ನನ್ನದಲ್ಲ.” ಎರಡನೇ ಸ್ಕ್ರೂಗೆ ಡ್ರೈವರ್ ಇಟ್ಟೆ. “ಸ್ವೆಟರ್ ಕತ್ತಿನ ತನಕ ಬಂದಿತ್ತು, ಅಕ್ಕ ತಗೊಂಡು ಮುಗಿಸಿದ್ಲು. ಸ್ಕೂಟರ್ ತಿರುವಲ್ಲಿ ಸ್ವಲ್ಪ ವಾಲಿತು, ಅಣ್ಣ ಹ್ಯಾಂಡಲ್ ಕಿತ್ಕೊಂಡ. ಕಪಾಟಿನ ಕೊನೇ ಮೊಳೆ ಅಪ್ಪ ಹೊಡೆದ್ರು. ಎಲ್ಲಾರೂ ಪ್ರೀತಿಯಿಂದಲೇ! ನಾನು ಯಾವುದನ್ನೂ ಅರ್ಧಕ್ಕೆ ಬಿಟ್ಟಿಲ್ಲ ಕಣ್ರೀ. ಅರ್ಧದಲ್ಲಿ ನನ್ನ ಕೈಯಿಂದ ತಗೊಂಡ್ರು. ಈಗ ನೀವೂ.”

ಅವನ ಮುಖ ಬಾಡಿಹೋಯಿತು. ಸಮಾಧಾನ ಹೇಳುತ್ತಾನೆ, ಜಗಳಕ್ಕಾದರೂ ಬರುತ್ತಾನೆ ಎಂದುಕೊಂಡೆ. ಅವನು ಎದ್ದು ಹೋಗಿ ಷಟರನ್ನು ಅರ್ಧ ಇಳಿಸಿದ. ಕಂದು ಕಾಗದವನ್ನು ಬಿಡಿಸಿ ನನ್ನ ಮುಂದೆ ಹಾಸಿದ. ಸ್ಟೂಲನ್ನು ನನ್ನ ಕಡೆ ಸರಿಸಿದ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಇನ್ನು ಇವು ಇಲ್ಲೇ ಇರ್ತವೆ,” ಎಂದ.

ಎಲ್ಲವನ್ನೂ ಬಿಚ್ಚಿದೆ. ಮತ್ತೆ ಕಟ್ಟಿದೆ. ಕೀಲನ್ನು ಕೂರಿಸುವಾಗ ಎರಡು ಸಲ ಜಾರಿತು, ಬೆರಳಿನ ಚರ್ಮ ಕಿತ್ತಿತು. ಅವನು ಹೆಜ್ಜೆ ಮುಂದಿಟ್ಟ. ನಾನು ನೋಡಿದೆ. ಹಿಂದಕ್ಕೆ ಹೋದ.

ಪವರ್ ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು.

ಏನಾಗಿದೆಯೆಂದು ಅವನಿಗೆ ಗೊತ್ತಿತ್ತು. “ಹೇಳ್ಬೇಡಿ,” ಎಂದೆ.

“ನಾನೇನೂ ಹೇಳಿಲ್ಲ.”

“ನಿಮ್ಮ ಹುಬ್ಬು ಹೇಳ್ತಾ ಇದೆ.”

ಅವನು ಗೋಡೆಯ ಕಡೆ ತಿರುಗಿ ನಿಂತ. ಕೋಪದಲ್ಲೂ ನನಗೆ ನಗು ಬಂತು. ಬಟ್ಟೆ ಸರಿಯಾಗಿ ಕೂರದಿದ್ದರೆ ಕೊನೆಯ ಹೊಲಿಗೆಯಿಂದ ಹಿಂದಕ್ಕೆ ಬಿಚ್ಚುತ್ತಾ ಹೋಗುವುದು ನಮ್ಮ ಕೆಲಸದ ಕ್ರಮ. ಹಾಗೇ ಹೋದೆ. ಪರದೆಯ ಕೇಬಲ್ ಒಂದು ಕಡೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದಿತು. ಆ ಸದ್ದಿಗೆ, ಗೋಡೆಗೆ ಮುಖ ಮಾಡಿದ್ದವನ ಭುಜಗಳು ಸಡಿಲವಾದವು.

ಮತ್ತೆ ಬಟನ್ ಒತ್ತಿದೆ. ಬೆಳಕು ಬಂತು.

“ತಿರುಗಬಹುದಾ?”

“ತಿರುಗಿ.”

ಅವನು ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದ. ಕಣ್ಣಂಚಿನಲ್ಲಿ ನೀರಿತ್ತು, ಅವನದೋ ನನ್ನದೋ ಎಂದು ಈಗಲೂ ವಾದ ಮಾಡುತ್ತೇವೆ.

ಮೆಷಿನ್ ತನಗೊಂದು ಹೆಸರು ಕೇಳಿತು. ‘ಅರ್ಧಂಬರ್ಧ’ ಎಂದು ನಾನೇ ಟೈಪ್ ಮಾಡಿದೆ. ಆಮೇಲೆ ಚೀಲದಿಂದ ಬಟ್ಟೆ ತೆಗೆದೆ. ಸೀಳು ಬಿಟ್ಟ ಮುಚ್ಚಳಕ್ಕೆಂದು ಸಮವಸ್ತ್ರದ ನೀಲಿ ತುಂಡುಗಳನ್ನು ಜೋಡಿಸಿ ಹೊಲಿದಿದ್ದೆ. ಗೋಂದು ಹಚ್ಚಿ ಅಂಟಿಸಿ, ಮೂಲೆಗಳನ್ನು ಒತ್ತಿ ಕೂರಿಸಿದೆ. ನಡುವೆ ಒಂದು ಚೌಕಳಿ ತುಂಡಿತ್ತು.

“ಇದು ನನ್ನ ಶರ್ಟಿನ…”

“ನಿಮಗೆ ಹೊಸ ಜೇಬು ಹಾಕಿದೆ. ಹಳೇದನ್ನ ನಾನಿಟ್ಕೊಂಡೆ.”

ಕಿವಿ ಕೆಂಪಗಾಯಿತು. ಆ ಚೌಕಳಿ ತುಂಡನ್ನೇ ನೋಡುತ್ತಾ ಹೇಳಿದ. “ನೀವು ಬರದೇ ಇದ್ದಾಗ ಕೈಕಾಲೇ ಆಡ್ಲಿಲ್ಲ. ಮುಗಿಸಿಟ್ರೆ ತಗೊಂಡು ಹೋಗೋಕಾದ್ರೂ ಬರ್ತೀರಾ ಅಂತ ಕೂತು ಮಾಡ್ದೆ. ತಗೊಂಡು ಹೋದ್ಮೇಲೆ ಬರೋದೇ ಇಲ್ವಲ್ಲ ಅನ್ನೋದು ದಡ್ಡನಿಗೆ ಹೊಳೀಲೇ ಇಲ್ಲ. ನನಗೆ ನೀವು ದಿನಾ ಬರ್ಬೇಕು. ಇಷ್ಟೇ ವಿಷಯ.”

“ಹೇಳೋಕೆ ಇಷ್ಟು ದಿನ ಬೇಕಾಯ್ತಾ?”

“ನಿಧಾನ ನಾನು.”

ತಳದ ಸ್ಕ್ರೂಗಳನ್ನು ಒಂದೊಂದಾಗಿ ಹಾಕುತ್ತಾ ಬಂದೆ. ಕಾಗದದ ಮೇಲೆ ಒಂದೇ ಒಂದು ಉಳಿಯಿತು. ಅದನ್ನು ಕಿತ್ತು, ಡ್ರೈವರ್ ಸಮೇತ ಅವನ ಮುಂದೆ ಹಿಡಿದೆ. ಹುಟ್ಟಿದಾಗಿನಿಂದ ಯಾರಿಗೂ ನಾನಾಗಿ ಕೊಡದೇ ಇದ್ದದ್ದು ಅದು.

“ನಿಜವಾಗ್ಲೂ?” ಎಂದ. ಬೆನ್ನ ಹಿಂದಿನ ಕೈಗಳು ಬಿಚ್ಚಿಕೊಂಡವು.

ಸ್ಕ್ರೂ ಕೂರಿಸಿ, ತಿರುಗಿಸಿ, ನಡುವೆ ನಿಲ್ಲಿಸಿ ಡ್ರೈವರನ್ನು ನನಗೇ ಚಾಚಿದ. “ಉಳಿದದ್ದು ನೀನು.”

ಅವನ ಬೆರಳುಗಳ ಮೇಲೇ ನನ್ನ ಬೆರಳಿಟ್ಟು ಬಿಗಿಮಾಡಿದೆ. ಬಿಗಿಯಾದ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

ಷಟರಿನ ಕೆಳಗೆ ಯಾರೋ ಬಗ್ಗಿ ಕೂಗಿದರು. “ಅಂಗಡಿಯವರು ಎಲ್ಲಿ ಹೋದ್ರು?”

“ಬರ್ತಾರೆ,” ಎಂದೆ ನಾನು. “ಸ್ವಲ್ಪ ನಿಧಾನ.”