ಒಂದೇ ಪೆಟ್ಟಿಗೆಯ ಜಾಗ

ಅಲ್ಲಾ, ಬಾಯಿ ಇದ್ದೂ ಸುಮ್ಮನೆ ಕೂತವನನ್ನು ಹೇಗೆ ಕ್ಷಮಿಸುವುದು? ಚೂಡಾಮಣಿಗಂತೂ ಅದು ಆಗದ ಮಾತು.

ಉತ್ತರಹಳ್ಳಿಯಾಚೆಯ ಗುಡ್ಡದ ಮೇಲಿನ ನಕ್ಷತ್ರ ಸಂಶೋಧನಾಲಯದಲ್ಲಿ ಅವಳೂ ಏಕಾಂತಯ್ಯನೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ದೂರದರ್ಶಕದ ಪಕ್ಕ ನಿಂತು ಅವನು ಆಕಾಶ ಬಿಟ್ಟು ತನ್ನನ್ನೇ ನೋಡುವುದು ಅವಳಿಗೆ ಗೊತ್ತಿತ್ತು. ಅವಳು ಥಟ್ಟನೆ ತಿರುಗಿದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ಕೊನೆಗೆ ಅವನೇ ತನ್ನ ತಾಯಿಯನ್ನು ಒಪ್ಪಿಸಿ, ಜಯನಗರದ ಅವಳ ಹೊಸ ಮನೆಗೆ ಹೆಣ್ಣು ನೋಡಲು ಬಂದ.

ಆ ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, “ಬಣ್ಣ ಒಂಚೂರು ಕಮ್ಮಿ ಆಯ್ತು. ಮೇಲಾಗಿ ಗಂಡಸರ ಜೊತೆ ಗುಡ್ಡದ ಮೇಲೆ ಕೆಲಸ. ನಮ್ಮನೆಗೆ ಹೊಂದಲ್ಲ” ಅಂದುಬಿಟ್ಟರು. ಏಕಾಂತಯ್ಯ ತಲೆ ತಗ್ಗಿಸಿ ಕೇಸರಿಬಾತು ತಿಂದ. ತಟ್ಟೆ ಖಾಲಿ ಮಾಡಿ ಎದ್ದುಹೋದ, ಪುಣ್ಯಾತ್ಮ!

ಮಾರನೆಯ ದಿನದಿಂದ ಚೂಡಾಮಣಿ ಅವನ ಪ್ರಾಣ ಹಿಂಡಿದಳು. ಅವನು ನಮಸ್ಕಾರ ಅಂದರೆ ಗೋಡೆ ನೋಡಿದಳು. ಕಾಫಿ ತಂದಿಟ್ಟರೆ ಅವನ ಎದುರೇ ಕಿಟಕಿಯಾಚೆ ಸುರಿದಳು.

“ಇನ್ನೂ ಎಷ್ಟು ದಿನ ಮೇಡಂ, ಈ ಶಿಕ್ಷೆ?”

“ಈಗ ತಾನೆ ಶುರುವಾಗಿದೆ ಸಾರ್.”

ಅವನ ಸೋತ ಮುಖ ನೋಡಿದಾಗೆಲ್ಲ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಮನೆಗೆ ಹೋದ ಮೇಲೆ ಅಳು ಬರುತ್ತಿತ್ತು, ಅದು ಬೇರೆ ಮಾತು.

ಅರವತ್ತೆರಡನೆಯ ಇಸವಿಯ ಶಿವರಾತ್ರಿ ಕಳೆದು ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿತ್ತು. ಒಂದು ಮಧ್ಯಾಹ್ನ ಕುರುಚಲು ಕಾಡಿಗೆ ಬೆಂಕಿ ಬಿತ್ತು. ಗಾಳಿಯ ಜೊತೆ ಸೀದಾ ಸಂಶೋಧನಾಲಯದತ್ತ ಏರಿ ಬಂತು. ಗುಡ್ಡದ ಕೆಳಗಿನ ಸುಬ್ರಹ್ಮಣ್ಯಪುರದ ಜನ ಓಡಿಬಂದು ಹಸಿ ಹೊಂಗೆ ಕೊಂಬೆಗಳಿಂದ ಬಡಿದರೂ ಉರಿ ಬಗ್ಗಲಿಲ್ಲ.

ಇದ್ದದ್ದು ಒಂದೇ ಜೀಪು. ದೂರದರ್ಶಕದ ಕನ್ನಡಿ ಹೇರಿದ ಮೇಲೆ ಒಂದು ಪೆಟ್ಟಿಗೆಗಷ್ಟೇ ಜಾಗ ಉಳಿಯಿತು. ನಕ್ಷತ್ರಗಳ ಚಿತ್ರ ಹಿಡಿದ ಗಾಜಿನ ಪ್ಲೇಟುಗಳ ಪೆಟ್ಟಿಗೆ ಎರಡಿದ್ದವು. ಒಂದು ಅವಳದು, ಒಂದು ಅವನದು. ಎರಡರಲ್ಲೂ ವರ್ಷಗಟ್ಟಲೆಯ ದುಡಿಮೆ, ಯಾವುದನ್ನೂ ಹೊತ್ತು ಓಡಲಾಗದಷ್ಟು ಭಾರ. ಪ್ಲೇಟುಗಳ ಉಸ್ತುವಾರಿ ಚೂಡಾಮಣಿಯದು.

“ಬೇಗ ಹೇಳಿ ಮೇಡಂ, ಯಾವ್ದು ಹಾಕ್ಲಿ?” ಡ್ರೈವರ್ ಬೋರಣ್ಣ ಕೂಗಿದ.

ಏಕಾಂತಯ್ಯ ಮಸಿ ಹಿಡಿದ ಮುಖದಲ್ಲಿ ಓಡಿಬಂದ. ಅವಳ ಎದೆ ಹಿಗ್ಗಿತು. ಬೇಡಿಕೊಳ್ಳಲಿ, ಕಾಲಿಗೆ ಬೀಳಲಿ!

“ಏನ್ ಸಾರ್, ಏನಾದ್ರೂ ಹೇಳೋದಿದ್ಯಾ?”

“ನಿಮ್ದು ಹಾಕಿಸಿ. ನಂದು ಸುಡ್ಲಿ ಬಿಡಿ. ಆಮೇಲೆ ನನಗಿಲ್ಲೇನು ಕೆಲಸ? ಬೇರೆ ಊರಿಗೆ ಹೋಗ್ತೀನಿ. ನಿಮ್ಮ ಕಣ್ಣಿಗೂ ಬೀಳಲ್ಲ.”

ಹೋಗುತ್ತಾನಂತೆ! ಮನಸ್ಸು ಕೆಡಿಸಿದವನು, ಮರ್ಯಾದೆ ಕಳೆದವನು, ಹಾಯಾಗಿ ಹೋಗುತ್ತಾನಂತೆ! ಇವನು ಹೋದ ಮೇಲೆ ಅವಳು ಯಾರ ಮೇಲೆ ಸಿಟ್ಟಾಗಬೇಕು? ಯಾರ ದಾರಿ ಕಾಯಬೇಕು?

“ಬೋರಣ್ಣ, ಅವರದ್ದೇ ಹಾಕಿ.”

“ಮತ್ತೆ ನಿಮ್ದು, ಮೇಡಂ?”

“ಹಾಕಿ ಅಂದ್ನಲ್ಲ!”

ಜೀಪು ಇಳಿಯಿತು, ಹಿಂದೆಯೇ ಎಲ್ಲರೂ ಇಳಿದರು. ಗುಡ್ಡದ ಬುಡದಲ್ಲಿ ನಿಂತು ನೋಡುತ್ತಿದ್ದಂತೆ ಅವಳ ಪೆಟ್ಟಿಗೆಯಿದ್ದ ಪ್ಲೇಟುಗಳ ಕೋಣೆಯ ಚಾವಣಿ ಕುಸಿಯಿತು. ಆಮೇಲೆ ಗಾಳಿ ತಿರುಗಿ ಉಳಿದ ಕಟ್ಟಡ ಬಚಾವಾಯಿತು. ಚೂಡಾಮಣಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

“ಯಾಕೆ ಹೀಗ್ ಮಾಡಿದ್ರಿ?” ಏಕಾಂತಯ್ಯ ಕೇಳಿದ.

“ಸೇಡಿಗೆ.”

“ಇದ್ಯಾವ ಸೇಡು?”

“ನಿಮ್ಮ ಕೆಲಸ ಉಳೀತಲ್ಲ, ಇನ್ನು ನೀವು ಎಲ್ಲೂ ಹೋಗೋ ಹಾಗಿಲ್ಲ. ಇಲ್ಲೇ ಇರಿ. ದಿನಾ ನನ್ನ ಮುಖ ನೋಡಿ ಸಂಕಟ ಪಡಿ.”

ಏಕಾಂತಯ್ಯ ಸುತ್ತ ನೋಡಿದ. ಸಂಶೋಧನಾಲಯದ ಡೈರೆಕ್ಟರು, ಬೋರಣ್ಣ, ಊರಿನ ಜನ ಎಲ್ಲರೂ ಇದ್ದರು. ಗಂಟಲು ಸರಿಮಾಡಿಕೊಂಡು ಜೋರಾಗಿಯೇ ಹೇಳಿದ: “ನಮ್ಮಮ್ಮ ಇವರನ್ನ ಅಂದಿದ್ದು ತಪ್ಪು. ನಾನು ಸುಮ್ನೆ ಕೂತಿದ್ದು ಅದಕ್ಕಿಂತ ದೊಡ್ಡ ತಪ್ಪು. ನನಗೆ ಇವರಂದ್ರೆ ಪ್ರಾಣ. ಇವರು ಒಪ್ಪಿದ್ರೆ ಮದುವೆ ಆಗ್ತೀನಿ, ಮನೇಲಿ ಯಾರು ಏನೇ ಅನ್ಲಿ!”

ಬೋರಣ್ಣ ಬಾಯಿ ಬಿಟ್ಟುಕೊಂಡು ನಿಂತ. ಚೂಡಾಮಣಿಗೆ ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅಷ್ಟು ಸುಲಭಕ್ಕೆ ಬಿಡುವುದುಂಟೆ? ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು.

“ನನಗಂತೂ ಕೇಳಿಸ್ತು,” ಅಂದಳು. “ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳಿ.”