ಅವ್ವ ಮಾಡಿದ ಕೊನೆಯ ಆನೆ

“ಗೂಡಿನೊಳ್ಗೆ ಏನಿಟ್ಟೆ ಕಣಮ್ಮಿ?”

ಚಾಮರಾಜನಗರದ ಅಂಗಡಿಗೆ ಸರಕು ಕೊಟ್ಟು ಬಂದ ನಿಂಗರಾಜು ಬಾಗಿಲಲ್ಲೇ ಕೂಗಿದ. ಗುಂಡ್ಲುಪೇಟೆಯ ಆ ಪಿಂಗಾಣಿ ಗೊಂಬೆಗಳ ಶೆಡ್ಡಿನಲ್ಲಿ ಸುಡುವ ಗೂಡು ಆಗಲೇ ಕಾದಿತ್ತು.

“ನಮ್ಮವ್ವನ ಆನೆ!” ಕುಮಾರಿ ಮುಖ ತಿರುಗಿಸಿದಳು. “ನಿನ್ನ ನಂಬ್ಕಂಡು ಕೂತ್ರೆ ಅದು ಹಸಿ ಮಣ್ಣಾಗೇ ಇರ್ತದೆ.”

ಅವನ ಮುಖ ಬಿಳಿಚಿಕೊಂಡಿತು. ಕಾದ ಗೂಡನ್ನು ತೆರೆದರೆ ಒಳಗಿದ್ದದ್ದೆಲ್ಲ ಸೀಳಿಹೋಗುತ್ತದೆ. ಅಲ್ಲೇ ಕುಕ್ಕರಿಸಿದ.

‘ಈಗಲೂ ಬಾಯಿ ಬಿಡುವುದಿಲ್ಲ ನೋಡು!’ ಕುಮಾರಿ ಮನಸ್ಸಿನಲ್ಲೇ ಬೈದುಕೊಂಡಳು.

ಬಂಡೀಪುರಕ್ಕೆ ಹೋಗುವವರು ಕೊಳ್ಳುವ ನಿಂಬೆಹಣ್ಣಿನ ಗಾತ್ರದ ಆನೆಗಳನ್ನು ಅವಳ ಅವ್ವ ಪುಟ್ಟಮಾದಮ್ಮ ಆ ಶೆಡ್ಡಿನಲ್ಲಿ ವರ್ಷಗಟ್ಟಲೆ ಮಾಡಿದ್ದಳು. ಕುಮಾರಿಗೂ, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ ನಿಂಗರಾಜುವಿಗೂ ಕೆಲಸ ಕಲಿಸಿದವಳು ಅವಳೇ. ಕಾಯಿಲೆಯಲ್ಲೂ ಕೊನೆಯದಾಗಿ ಒಂದು ಆನೆ ಮಾಡಿಟ್ಟು ಕಣ್ಣು ಮುಚ್ಚಿದಳು.

ಅದನ್ನು ಸುಟ್ಟುಕೊಡು ಎಂದಾಗಲೆಲ್ಲ ನಿಂಗರಾಜು, “ಇನ್ನೂ ಒಣಗ್ನಿಲ್ಲ, ನಾಳೆ ನೋಡನ,” ಎನ್ನುತ್ತಿದ್ದ. ಅವ್ವ ಹೋದ ಮೇಲೆ ನಾನು ಇವನಿಗೆ ಯಾರೂ ಅಲ್ಲವೇನೋ ಎಂದು ಕುಮಾರಿ ಒಳಗೊಳಗೇ ಅತ್ತಿದ್ದಳು. ಅವನೆಂದರೆ ಅವಳಿಗೆ ಪ್ರಾಣ... ಆ ನೋವನ್ನು ಯಾರಿಗೆ ಹೇಳಿಕೊಳ್ಳುವುದು!

ಮರುದಿನ ತಣ್ಣಗಾದ ಗೂಡನ್ನು ತೆರೆದರೆ, ಆನೆಯ ಜಾಗದಲ್ಲಿ ಬರೀ ಚೂರುಗಳಿದ್ದವು.

“ಅವ್ವಾ...!”

ಆನೆಯ ಹೊಟ್ಟೆಯ ಚೂರುಗಳನ್ನು ಜೋಡಿಸಿ ನೋಡಿದಳು. ತೂತೇ ಇರಲಿಲ್ಲ.

ಟೊಳ್ಳು ಗೊಂಬೆಯ ಹೊಟ್ಟೆಗೆ ಹಸಿಯಿದ್ದಾಗಲೇ ಸೂಜಿಯಲ್ಲಿ ತೂತು ಮಾಡಬೇಕು. ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಗೊಂಬೆ ಸಿಡಿಯುತ್ತದೆ. ಮರೆತವರಿಗೆ ಅವ್ವ ಎಷ್ಟು ಬೈಯುತ್ತಿದ್ದಳು!

“ನಿಂಗೆ ಗೊತ್ತಿತ್ತಾ?” ತಲೆ ತಗ್ಗಿಸಿ ನಿಂತಿದ್ದ ನಿಂಗರಾಜುವಿನತ್ತ ತಿರುಗಿದಳು.

“ಊಂ... ಒಣಗಿದ್ಮೇಲೆ ನೋಡ್ದೆ. ಸೂಜಿ ಹಿಡ್ಕಂಡೆ, ಎಲ್ಲಿ ಬಿರುಕು ಬುಡ್ತದೋ ಅಂತ ವಾಪಸ್ ಮಡಗ್ಬುಟ್ಟೆ.”

“ನಂಗ್ಯಾಕೆ ಹೇಳ್ನಿಲ್ಲ?”

“ಪುಟ್ಟಮಾದಕ್ಕ ಮರ್ತ್ಬುಟ್ಟವ್ಳೆ ಅಂತ ಯಾವ ಬಾಯಲ್ಲಿ ಯೋಳ್ಲಿ? ಅದೂ ನಿಂಗೆ...” ಅವನು ಒಂದು ಚೂರನ್ನು ಎತ್ತಿಕೊಂಡ. “ಸುಡ್ದೆ ಹಂಗೇ ಇಟ್ಕಳನ ಅಂತಿದ್ದೆ. ತಪ್ಪು ಮಾಡ್ಬುಟ್ಟೆ ಕಣ.”

ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಆನೆ ಉಳಿಯುತ್ತಿತ್ತು! ಕುಮಾರಿ ಅವನ ಭುಜಕ್ಕೆ ಗುದ್ದಿದಳು. ಆಮೇಲೆ ಅದೇ ಭುಜಕ್ಕೆ ಒರಗಿ ಬಿಕ್ಕಿದಳು.

“ಇನ್ನೊಂದೂ ಯೋಳ್ನಿಲ್ಲ ನಾನು,” ಎಂದ ನಿಂಗರಾಜು ಮೆಲ್ಲಗೆ. “ನಿನ್ನ ಕಂಡ್ರೆ ನಂಗೆ ಜೀವ. ಅಕ್ಕ ಇದ್ದಾಗ್ಲೇ ಕೇಳ್ಬೇಕಿತ್ತು...”

“ಅವ್ವ ಕೇಳಿಸ್ಕಂಡಿದ್ರೆ ಎಷ್ಟು ಖುಷಿ ಪಡೋಳು...”

“ನೀನೇನಂತೀಯ ಕುಮಾರಿ?”

“ಆಮೇಲೆ ಹೇಳ್ತೀನಿ. ಮೊದ್ಲು ಅತ್ತು ಮುಗುಸ್ತೀನಿ... ಎದ್ದೋಗ್ಬೇಡ.”

“ಓಗಕಿಲ್ಲ ಬುಡು.”