ಕರೆದ ಮೇಲೆ ದಬ್ಬುವ ಎಂಜಿನ್

ಬಹಳ ಹಿಂದೆ, ನಮ್ಮ ನಿಮ್ಮ ಅಜ್ಜಿಯರೂ ಹುಟ್ಟುವ ಮೊದಲು, ಒಂದು ಗುಡ್ಡವಿತ್ತಂತೆ. ಅದಕ್ಕೆ ಕಾಲಿರಲಿಲ್ಲ.

ಹೊಳೆ ಹರಿದು ಹೋಯಿತು. ಮೋಡ ತೇಲಿ ಹೋಯಿತು. ಗುಡ್ಡ ಮಾತ್ರ ಇದ್ದಲ್ಲೇ ಇತ್ತು.

ಒಂದು ದಿನ ಸಮುದ್ರದ ಕಡೆಯಿಂದ ಕಬ್ಬಿಣದ ಹಾವೊಂದು ಬುಸುಗುಡುತ್ತ ಬಂದು, "ನಿನ್ನ ಮೈ ಮ್ಯಾಲ ಹಾದು ಹೋಗ್ಲೇನು?" ಎಂದು ಕೇಳಿತಂತೆ. ಅಷ್ಟು ದೊಡ್ಡ ಹಾವು ತನ್ನನ್ನು ಕೇಳಿತಲ್ಲ ಎಂದು ಗುಡ್ಡ ಹಿಗ್ಗಿ ಒಪ್ಪಿತಂತೆ. ಅಂದಿನಿಂದ ಆ ಹಾವು ಒಂದೇ ಒಂದು ತಿರುವಿನಲ್ಲಿ ತನ್ನ ತಲೆಯನ್ನೂ ಬಾಲವನ್ನೂ ಒಟ್ಟಿಗೆ ತೋರಿಸುತ್ತದೆ. ಅದೂ ತಾವಾಗಿಯೇ ಅಲ್ಲಿಗೆ ಬಂದವರಿಗೆ ಮಾತ್ರ!

ರಾಮದುರ್ಗದ ರಾಯವ್ವ ಈ ಕಥೆಯನ್ನು ಮೊಮ್ಮಗಳು ಸಂಘಮಿತ್ರಾಗೆ ಎಷ್ಟು ಸಲ ಹೇಳಿದ್ದಳೋ. ರಾಯವ್ವ ಚಿಕ್ಕವಳಿದ್ದಾಗ, ಘಾಟಿಯ ರೈಲು ಹಳಿ ಕೆಲಸಕ್ಕೆ ಹೋದ ಅಪ್ಪನ ಬೆನ್ನು ಹತ್ತಿ ಒಂದು ಚಳಿಗಾಲವನ್ನು ಅಲ್ಲೇ ಕಳೆದಿದ್ದಳು. ಮನೆಯಲ್ಲಿ ಎಲ್ಲರಿಗೂ ಅವಳು 'ಆಯಿ'.

ಕಾಲೇಜಿಗೆ ಹೋಗುವಾಗ ಟಂಟಂ ಆಟೊ ಪಲ್ಟಿಯಾಗಿ ಸಂಘಮಿತ್ರಾ ಗಾಲಿಕುರ್ಚಿಗೆ ಬಂದ ವರ್ಷ, ಆಯಿ ಕಥೆಗೆ ಒಂದು ಮಾತು ಸೇರಿಸಿದ್ದಳು.

"ಗುಡ್ಡ ನಡಿಯೂದಿಲ್ಲವ್ವಾ. ಅದಕ್ಕ ಯಾರರೆ ಕುಂಟ ಅಂತಾರೇನು?"

ಅವತ್ತೇ ಸಂಘಮಿತ್ರಾ ಮಾತು ಕೊಟ್ಟಿದ್ದಳು. "ಆಯಿ, ಆ ಹಾವಿನ ತಲಿ, ಬಾಲ ಎರಡೂ ಒಂದ ಫೋಟೋದಾಗ ಹಿಡಿತೇನಿ. ನಾನ ಹೋಗಿ ಹಿಡಿತೇನಿ."

ಈಗ ರಾಮದುರ್ಗದಲ್ಲಿ ಅವಳದೇ ಫೋಟೋ ಸ್ಟುಡಿಯೋ ಇದೆ. ಆಯಿಯ ಕಣ್ಣು ಮಾತ್ರ ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಕೊಟ್ಟ ಮಾತು ಹಾಗೇ ಉಳಿದಿತ್ತು...

*

ನವಿಲುತೀರ್ಥದ ಹಿನ್ನೀರಿನ ದಂಡೆ. ಬೆಳಗಿನ ಬಿಸಿಲು. ನೀರಿನಂಚಿನಲ್ಲಿ ಕೊಕ್ಕರೆಯೊಂದು ರೆಕ್ಕೆ ಬಿಚ್ಚುವುದರಲ್ಲಿತ್ತು. ಸಂಘಮಿತ್ರಾ ಉಸಿರು ಬಿಗಿಹಿಡಿದು ಕ್ಯಾಮೆರಾದ ಬಟನ್ ಮೇಲೆ ಬೆರಳಿಟ್ಟಳು.

ಇನ್ನೇನು... ಇನ್ನೇನು...

ಕುರ್ಚಿ ತಾನಾಗಿ ಮುಂದೆ ಸರಿಯಿತು!

"ಏರು ಐತ್ರಿ ಮೇಡಮ್, ನಾ ದಬ್ಬತೇನಿ ಬಿಡ್ರಿ!"

ಕೊಕ್ಕರೆ ಹಾರಿ ಹೋಯಿತು. ಚಿತ್ರದಲ್ಲಿ ಉಳಿದದ್ದು ಬರೀ ಮಸುಕು ನೀರು. ಅವಳು ಸರ್ರನೆ ಕುರ್ಚಿ ತಿರುಗಿಸಿದಳು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಒಳ್ಳೆಯ ಕೆಲಸ ಮಾಡಿದ ನಗುವಿನಲ್ಲಿ ನಿಂತಿದ್ದ ಒಬ್ಬ ಯುವಕ.

"ಯಾರ್ರಿ ನಿಮ್ಮನ್ನ ಕರದವರು?"

"ಅಲ್ರಿ... ಸಹಾಯ..."

"ನಿಮ್ಮ ಹೆಗಲ ಮ್ಯಾಲ ಕೈ ಹಾಕಿ ನಾ ಎಳಕೊಂಡು ಹೋದ್ರ ನಡಿತೈತೇನು? ಈ ಕುರ್ಚಿ ನನ್ನ ಮೈ ಐತ್ರಿ. ಸಾಮಾನಲ್ಲ!"

ಅವನ ನಗು ಆರಿತು. ಕಿವಿ ಕೆಂಪಾದವು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಘಾಟಿನಾಗ ರೈಲಿಗೂ ಹಿಂದಿಂದ ಒಂದು ಎಂಜಿನ್ ದಬ್ಬತೈತ್ರಿ. ಅದಕ್ಕೇನು ಮಾನ ಹೋಗತೈತೇನು?"

"ಅದು ಕರದ ಮ್ಯಾಲ ಬಂದು ದಬ್ಬತೈತಿ. ನೀವು ಕರಿಯದ ಬಂದ್ರಿ!"

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ತಪ್ಪಾತ್ರಿ. ಖರೇನ ತಪ್ಪಾತು" ಎಂದ.

ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡವರನ್ನು ಅವಳು ಹೆಚ್ಚು ನೋಡಿರಲಿಲ್ಲ. ಸಿಟ್ಟು ಇಳಿಯುವ ಮೊದಲೇ ಕುತೂಹಲ ಏರಿತ್ತು.

"ಘಾಟಿನ ರೈಲು ನಿಮಗ ಹೆಂಗ ಗೊತ್ತು?"

ಅವನ ಹೆಸರು ಕಾಂತೇಶ. ಬೈಲಹೊಂಗಲದಲ್ಲಿ ಫ್ಲೆಕ್ಸ್ ಪ್ರಿಂಟಿನ ಅಂಗಡಿ. ವಾರವೆಲ್ಲ ಹುಟ್ಟುಹಬ್ಬದ ಬ್ಯಾನರು, ಭಾನುವಾರ ಬಂದರೆ ರೈಲಿನ ಫೋಟೋ. ಕ್ಯಾಸಲ್‌ರಾಕ್ ಘಾಟಿಯ ತಿರುವುಗಳೆಲ್ಲ ಅವನಿಗೆ ಗೊತ್ತು.

ಸಂಘಮಿತ್ರಾ ಕುರ್ಚಿಯನ್ನು ಅವನ ಹತ್ತಿರಕ್ಕೆ ತಂದಳು. 'ಆಯಿಯ ಹಾವು!'

"ತಲಿ, ಬಾಲ ಎರಡೂ ಕಾಣೂ ಜಾಗ ಐತೇನ್ರಿ?"

"ಬೇಕಾದಷ್ಟದಾವ."

"ನನ್ನ ಕುರ್ಚಿ ಹೋಗೂವು? ಯಾರೂ ಎತ್ತದ, ಯಾರೂ ದಬ್ಬದ, ನನ್ನ ಕೈಯಿಂದ ನಾ ಹೋಗೂವಂಥಾವು?"

ಕಾಂತೇಶ ಅವಳ ಕುರ್ಚಿಯ ಗಾಲಿಗಳನ್ನು ನೋಡಿದ.

"ಅದನ್ನ ನಾ ಎಂದೂ ಹುಡುಕೇ ಇಲ್ರಿ" ಎಂದ ಮೆಲ್ಲಗೆ.

*

ಹುಡುಕಾಟ ಶುರುವಾಯಿತು. ತಮ್ಮ ಗೌತಮನ ಓಮ್ನಿಯಲ್ಲಿ ಸಂಘಮಿತ್ರಾ, ಬೈಕಿನಲ್ಲಿ ಕಾಂತೇಶ. ಕಿತ್ತೂರು ದಾಟಿ ಘಾಟಿಯ ದಾರಿ ಹಿಡಿದರೆ ಹೊಲಗಳ ಕರಿಮಣ್ಣು ಹಿಂದೆ ಸರಿದು ಕಾಡು ಎದುರಾಗುತ್ತಿತ್ತು.

ಒಂದು ಜಾಗಕ್ಕೆ ಕಡಿದಾದ ಕಾಲುದಾರಿ. ಇನ್ನೊಂದಕ್ಕೆ ಬರೀ ಜಲ್ಲಿ, ಗಾಲಿ ಅರ್ಧಕ್ಕೆ ಹೂತುಹೋಯಿತು. ಮತ್ತೊಂದಕ್ಕೆ ಹಳಿಯನ್ನೇ ದಾಟಬೇಕು.

"ಹಳಿ ದಾಟೂದು ಬ್ಯಾಡ. ರೈಲ್ವೆ ಬೇಲಿ ಒಳಗ ಕಾಲಿಡೂದೂ ಬ್ಯಾಡ" ಎಂದಳು ಅವಳು. "ಕದ್ದು ತಗದ ಫೋಟೋ ಆಯಿಗೆ ತೋರ್ಸೂದಿಲ್ಲ ನಾ."

"ಅಕ್ಕಾ, ಹೊತ್ಕೊಂಡು ಹೋಗಿಬಿಡ್ಲೇನು? ಐದು ಮಿನಿಟಿನ ಕೆಲಸ" ಎಂದ ಗೌತಮ.

"ನಾ ಏನ್ ಜೋಳದ ಚೀಲೇನೋ?"

ಕಾಂತೇಶ ನಗಲಿಲ್ಲ. ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು, ಅವಳ ಕ್ಯಾಮೆರಾದ ಮಟ್ಟಕ್ಕೆ ಕಣ್ಣು ತಂದು ದೂರದ ಹಳಿ ನೋಡುತ್ತಿದ್ದ.

"ನಿಮ್ಮ ಎತ್ತರದಿಂದ ನೋಡಿದ್ರ ಘಾಟಿ ಬ್ಯಾರೇನ ಕಾಣತೈತ್ರಿ. ಹುಲ್ಲಿನ ತುದಿ ಮ್ಯಾಲ ರೈಲು ತೇಲಿದಂಗ... ಇಷ್ಟು ದಿನಾ ನನಗ ಗೊತ್ತೇ ಇರಲಿಲ್ಲ."

ಅವಳನ್ನು ಎಲ್ಲರೂ ಬಗ್ಗಿ ನೋಡುತ್ತಿದ್ದರು. ಅವಳ ಜೊತೆ ಕುಳಿತು, ಅವಳು ನೋಡಿದ್ದನ್ನು ನೋಡಿದವನು ಇವನೊಬ್ಬನೇ. 'ಸಂಘಮಿತ್ರಾ, ಹುಷಾರು...' ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವ ಹೊತ್ತಿಗೆ ತಡವಾಗಿತ್ತು.

ಆದರೆ ಆ ಸಂಜೆಯ ನಂತರ ಕಾಂತೇಶ ಕಾಣೆಯಾದ!

ಫೋನ್ ಮಾಡಿದರೆ 'ವ್ಯಾಪ್ತಿ ಪ್ರದೇಶದ ಹೊರಗೆ'. ಸಂದೇಶ ಕಳಿಸಿದರೆ ಮರುದಿನ ಒಂದೇ ಸಾಲು, 'ಸ್ವಲ್ಪ ಕೆಲಸ ಐತ್ರಿ'. ಭಾನುವಾರಗಳು ಬಂದವು, ಹೋದವು.

'ಬೇಜಾರಾಗಿರಬೇಕು. ಯಾರಿಗೆ ಬೇಕು ಇಷ್ಟು ತ್ರಾಸು...'

ಹಾಗೆಂದುಕೊಂಡು ಸುಮ್ಮನಾಗುತ್ತಿದ್ದಳೇನೋ. ಅಷ್ಟರಲ್ಲಿ ಗೌತಮ ಮೊಬೈಲ್ ಹಿಡಿದು ಬಂದ. ಅವನ ಮುಖ ಸಣ್ಣದಾಗಿತ್ತು.

"ಅಕ್ಕಾ... ಇದನ್ನ ನೋಡಬ್ಯಾಡ ಅಂತಿದ್ದೆ. ಆದ್ರ ಬ್ಯಾರೆಯವರು ತೋರ್ಸೂದಕ್ಕಿಂತ ನಾನ..."

ಯಾರೋ ಹಾಕಿದ ವಿಡಿಯೊ. ಕಾಡಿನ ದಾರಿಯಲ್ಲಿ ಗಾಲಿಕುರ್ಚಿಯೊಂದು ಇಳಿಜಾರಿನಲ್ಲಿ ಓಡಿ ಪೊದೆಗೆ ನುಗ್ಗುತ್ತದೆ. ಕುಳಿತವನು ಅಂಗಾತ ಬೀಳುತ್ತಾನೆ. ಸುತ್ತ ಮಕ್ಕಳ ಕೇಕೆ. ಬಿದ್ದವನೂ ಹೊಟ್ಟೆ ಹಿಡಿದು ನಗುತ್ತಾನೆ. ಮೇಲೆ 'ಕುರ್ಚಿ ಸರ್ಕಸ್' ಎಂಬ ಹೆಸರು.

ನಗುತ್ತಿದ್ದವನು ಕಾಂತೇಶ!

ಅವಳು ಮೊಬೈಲನ್ನು ಗೌತಮನ ಕೈಗೆ ತಿರುಗಿ ಕೊಟ್ಟಳು.

ನನ್ನ ನೋವು ನಿನಗೆ ಆಟವಾಯಿತೇ? ನನ್ನ ಪಕ್ಕ ಕುಳಿತು ನೋಡಿದ್ದು ಇದಕ್ಕಾಗಿಯೇ?

ಅವಳು ಅಳಲಿಲ್ಲ. ಅವನ ನಂಬರ್ ಬ್ಲಾಕ್ ಮಾಡಿದಳು. ಕುತ್ತಿಗೆ ನೆಟ್ಟಗೆ ಹಿಡಿದು, ಸ್ಟುಡಿಯೋದಲ್ಲಿ ಕಾಯುತ್ತಿದ್ದ ಮದುಮಕ್ಕಳ ಫೋಟೋ ತೆಗೆದಳು. "ನಗ್ರಿ" ಎಂದು ಹೇಳುವಾಗ ಮಾತ್ರ ದನಿ ಒಡೆಯಿತು.

*

ಆಯಿಯ ಕಣ್ಣಿಗೆ ಮಂಜು ಕವಿದಿರಬಹುದು. ಕಿವಿ ಚುರುಕಾಗಿಯೇ ಇತ್ತು.

"ಆ ಬೈಲಹೊಂಗಲದ ಹುಡುಗನ ಸುದ್ದೀನ ಇಲ್ಲಲ್ಲ. ಏನಾತು?"

"ಅಂವನ ಹೆಸರು ತಗೀಬ್ಯಾಡ ಆಯಿ. ನನ್ನ ಅಣಗಿಸ್ಯಾನ ಅಂವ. ವಿಡಿಯೊ ಐತಿ."

"ನನಗ ಕಾಣೂದಿಲ್ಲ. ನೀನ ನೋಡಿ ಹೇಳು, ಏನೇನು ಐತಿ ಅದರಾಗ."

"ಬ್ಯಾಡ ಆಯಿ..."

"ಸಿಟ್ಟಿಲೆ ನೋಡೀದಿ. ಈಗ ಫೋಟೋದಾಕಿ ಆಗಿ ನೋಡು."

ಹಲ್ಲು ಕಚ್ಚಿಕೊಂಡು ಅವಳು ಮತ್ತೆ ವಿಡಿಯೊ ಹಚ್ಚಿದಳು. "ಕುರ್ಚಿ ಬರತೈತಿ... ದಾರಿ ಮ್ಯಾಲ ಬಿಳೇದೊಂದು ಗೆರಿ ಐತಿ. ಸುಣ್ಣದ ಗೆರಿ. ಬೀಳತಾನ... ಮಕ್ಕಳು ನಗತಾವ... ಕೈ ಊರಿ ಏಳತಾನ..."

ವಿಡಿಯೊ ನಿಲ್ಲಿಸಿ ಚಿತ್ರವನ್ನು ದೊಡ್ಡದು ಮಾಡಿದಳು.

ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು!

ಗಾಲಿಯನ್ನು ಕೈಯಿಂದ ತಿರುಗಿಸಲು ಕಲಿಯುವ ಮೊದಮೊದಲ ದಿನಗಳಲ್ಲಿ ಅಂಗೈ ಸುಲಿದುಹೋಗುತ್ತದೆ. ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಹರಿದ ಧೋತರ ಸುತ್ತಿ ಸುತ್ತಿ ಆಯಿ ರಾತ್ರಿಯೆಲ್ಲ ಊದುತ್ತಿದ್ದಳಲ್ಲ...

ತಮಾಷೆಗೆ ಒಂದು ಗಳಿಗೆ ಕುಳಿತೇಳುವವನ ಕೈ ಹೀಗಾಗುವುದಿಲ್ಲ. ದಿನಗಟ್ಟಲೆ ತಳ್ಳಿದವನ ಕೈ ಇದು!

"ಯಾಕ ಸುಮ್ಮನಾದಿ?"

"ಆಯಿ... ಅಂವ ನನ್ನ ಅಣಗಿಸಿಲ್ಲ" ಎಂದಳು. ಈಗ ಅವಳ ಕಣ್ಣಲ್ಲಿ ನೀರು ಬಂತು. "ನನ್ನ ದಾರಿ ಹುಡುಕಾಕ ಹತ್ಯಾನ."

ಬ್ಲಾಕ್ ತೆಗೆದು ವಿಡಿಯೊ ಕರೆ ಮಾಡಿದಳು. ಎತ್ತಿದವನ ಮುಖದಲ್ಲಿ ಗಾಬರಿ.

"ಕೈ ತೋರ್ಸ್ರಿ."

"ಏನೂ ಆಗಿಲ್ರಿ, ಅಂಗಡಿಯಾಗ ಮಷೀನಿಗೆ..."

"ಕಾಂತೇಶ, ಕೈ ತೋರ್ಸ್ರಿ!"

ಅವನು ಅಂಗೈ ತಿರುಗಿಸಿದ. ಒಣಗುತ್ತಿದ್ದ ಗುಳ್ಳೆಗಳು.

"ಯಾಕ ಹೇಳಲಿಲ್ಲ?"

"ಎಲ್ಲಿ ಏನು ಅಡ್ಡ ಬರತೈತಿ ಅಂತ ನಿಂತು ನೋಡಿದ್ರ ತಿಳೀವಲ್ದಾಗಿತ್ರಿ. ಕುರ್ಚಿ ತಂದು ಕುಂತೆ. ಜಾಗ ಸಿಗತೈತಿ ಅಂತ ಆಶಾ ಹಚ್ಚಿ, ಸಿಗದಿದ್ರ? ನಿಮ್ಮ ಮುಖ ಹೆಂಗ ನೋಡ್ಲಿ?"

"ಮತ್ತ ಆ ನಗು?"

"ಮುಳ್ಳಿನ ಕಂಟ್ಯಾಗ ಬಿದ್ದಿದ್ದೆರಿ. ಎಲ್ಲೆಲ್ಲಿ ಚುಚ್ಚಿದ್ದವು ಅಂತ ಹುಡುಗೂರ ಮುಂದ ಹೇಳಾಕ ಬರತೈತೇನು? ನಗೂದ ಚಲೋ ಅನಿಸ್ತು."

ಅವಳು ಅಳುತ್ತಲೇ ನಕ್ಕಳು.

"ನಿಮ್ಮನ್ನ ತಪ್ಪು ತಿಳಕೊಂಡೆ..."

"ಬಿಡ್ರಿ ಅದನ್ನ. ಜಾಗ ಸಿಕ್ಕೈತಿ, ಸಂಘಮಿತ್ರಾ. ಭಾನುವಾರ ಬರ್ರಿ. ಆಯೀನೂ ಕರ್ಕೊಂಡ ಬರ್ರಿ!"

*

ಘಾಟಿಯಲ್ಲಿ ಮಂಜು ಆಗಷ್ಟೇ ಕರಗುತ್ತಿತ್ತು. ಹಿಂದೊಮ್ಮೆ ಕಟ್ಟಿಗೆಯ ಗಾಡಿಗಳು ಓಡಾಡಿ ಗಟ್ಟಿಯಾದ ಕೆಮ್ಮಣ್ಣಿನ ದಾರಿ. ರೈಲ್ವೆ ಬೇಲಿಯ ಹೊರಗೇ ಸಾಗಿ, ಒಂದು ಬಯಲಿಗೆ ಇಳಿಯುತ್ತಿತ್ತು. ನಡುವೆ ಉದ್ದಕ್ಕೂ ಕಾಂತೇಶ ಎಳೆದ ಸುಣ್ಣದ ಗೆರೆ.

ಗೌತಮನ ಕೈ ಹಿಡಿದು ಆಯಿ ಆಗಲೇ ಕೆಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತಿದ್ದಳು.

ಸಂಘಮಿತ್ರಾ ಗಾಲಿಯ ಮೇಲೆ ಕೈ ಇಟ್ಟಳು.

ಅವಳು ಮುಂದೆ. ಕಾಂತೇಶ ದೂರ ಬಿಟ್ಟು ಹಿಂದೆ. ಅವನ ಎರಡೂ ಕೈ ಬೆನ್ನ ಹಿಂದೆ.

ನಡುದಾರಿಯಲ್ಲಿ ಮರದ ಬೇರೊಂದು ಗಾಲಿಗೆ ಅಡ್ಡ ಬಂತು. ಕುರ್ಚಿ ನಿಂತಿತು. ಅವಳು ತಳ್ಳಿದಳು... ಜಗ್ಗಲಿಲ್ಲ. ಹಿಂದೆ ಕಾಂತೇಶ ಒಂದು ಹೆಜ್ಜೆ ಮುಂದಿಟ್ಟ, ಅಲ್ಲೇ ತಡೆದುಕೊಂಡ.

ಅವಳು ಗೆರೆ ನೋಡಿದಳು. ಬೇರಿನ ಹತ್ತಿರ ಅದು ಓರೆಯಾಗಿ ಹೊರಳಿತ್ತು. ತುಸು ಹಿಂದೆ ಸರಿದು, ಗೆರೆಯ ಗುಂಟ ಓರೆಯಾಗಿ ನುಗ್ಗಿದಳು. ಒಂದು ಗಾಲಿ ಏರಿತು... ಇನ್ನೊಂದೂ ಏರಿತು... ದಾಟಿತು!

ಕೆಳಗೆ ಬಂದು ಮುಟ್ಟಿದಾಗ ಮೈಯೆಲ್ಲ ಬೆವರು. ಕತ್ತು ಮಾತ್ರ ರಾಣಿಯ ಹಾಗೆ ಎತ್ತಿತ್ತು.

"ಬಂದೆ ಆಯಿ. ನಾನ ಬಂದೆ."

"ಗಾಲಿ ಸಪ್ಪಳ ಕೇಳಾಕ ಹತ್ತಿದ್ದೆನವ್ವಾ, ನನ್ನ ಬಂಗಾರ!" ಎಂದು ಆಯಿ ದನಿ ಏರಿಸಿದಳು. "ಮತ್ತ ಆ ಹುಡುಗ ಎಲ್ಲಿ?"

"ಹಿಂದ ಅದಾನ. ಕೈ ಕಟ್ಕೊಂಡು ನಿಂತಾನ."

"ಯಾಕೋ? ಸಾಲಿ ಮಾಸ್ತರ ನಿಂದ್ರಿಸ್ಯಾರೇನು?"

"ಬಿಟ್ರ ತಾವ ದಬ್ಬಾಕ ಹೋಗತಾವ ಆಯಿ. ಅದಕ್ಕ ಕಟ್ಟೇನಿ."

ಆಯಿ ಬೊಚ್ಚುಬಾಯಿ ತೆರೆದು ನಕ್ಕಳು. ಸಂಘಮಿತ್ರಾ ಕ್ಯಾಮೆರಾ ಸರಿಮಾಡಿಕೊಳ್ಳುತ್ತ, ಅವನ ಕಡೆ ನೋಡದೆ ಕೇಳಿದಳು.

"ಬರುವಾಗ ಇಳುಕಲು. ಹೋಗುವಾಗ ಏರು ಐತಲ್ಲ?"

"ಅದನ್ನೂ ಹತ್ತಿ ನೋಡೇನ್ರಿ. ನಿಮ್ಮ ಕೈಲೆ ಆಗತೈತಿ."

"ಆಗತೈತಿ, ಗೊತ್ತು." ಅವಳ ಕೆನ್ನೆ ಬಿಸಿಯಾಯಿತು. "ಆದ್ರೂ... ಹಿಂದ ಒಂದು ಎಂಜಿನ್ ಇರ್ಲಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಕರಿಯಾಕ ಹತ್ತೀರೇನು?"

"ಕರಿಯಾಕ ಹತ್ತೇನಿ."

"ಈ ಏರಿಗಷ್ಟ?"

"ಮುಂದ ಬರೂ ಎಲ್ಲಾ ಏರಿಗೂ." ಈಗ ಅವಳು ತಿರುಗಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಬ್ರೇಕ್ ಮಾತ್ರ ನನ್ನ ಕೈಯಾಗ!"

ಬೆನ್ನ ಹಿಂದೆ ಕಟ್ಟಿದ್ದ ಕೈಗಳು ಮೆಲ್ಲಗೆ ಬಿಚ್ಚಿಕೊಂಡವು. ಕಾಂತೇಶ ಅವಳ ಪಕ್ಕ ನೆಲದ ಮೇಲೆ ಕುಳಿತು, ಗುಳ್ಳೆ ಒಣಗಿದ ಅಂಗೈಯನ್ನು ಚಾಚಿದ. ಅವಳು ಅದರ ಮೇಲೆ ತನ್ನ ಕೈ ಇಟ್ಟಳು.

"ನನ್ನ ಕೈಗಿಂತ ನಿಮ್ಮದ ಒರಟಾಗೈತಿ" ಎಂದಳು.

"ನಿಮ್ಮ ದಾರಿ ತುಳದ ಕೈ ರೀ."

ದೂರದಲ್ಲಿ ಸೀಟಿ ಕೇಳಿತು.

"ಬಂತು!" ಎಂದು ಆಯಿ ಸ್ಟೂಲಿನಿಂದ ಎದ್ದೇ ನಿಂತಳು.

ಹಸಿರಿನ ನಡುವಿನಿಂದ ಎಂಜಿನ್ ತಲೆ ಹಾಕಿತು. ಡಬ್ಬಿಗಳು ಒಂದೊಂದಾಗಿ ತಿರುವಿಗೆ ಬಂದವು. ತಲೆ ಆ ತುದಿಗೆ ಮುಟ್ಟುವ ಹೊತ್ತಿಗೆ ಈ ತುದಿಯಲ್ಲಿ, ಏರಿನ ಬೆವರು ಸುರಿಸುತ್ತ ದಬ್ಬಿಕೊಂಡು ಬರುತ್ತಿತ್ತು ಹಿಂದಿನ ಎಂಜಿನ್.

ಸಂಘಮಿತ್ರಾ ಬಟನ್ ಒತ್ತಿದಳು.

"ಏನು ಬಂತವ್ವಾ, ತಲಿಯೋ, ಬಾಲೋ?"

"ಎರಡೂ ಬಂದಾವ ಆಯಿ. ಎರಡೂ!"